ಅವ್ವ ನಾಲಿಗೆ ತೋರಿಸಿದ್ದು

ಹ್ಯಾಂಬರ್ಗಿನ ನಮ್ಮ ಮನೆಯ ಬಚ್ಚಲಿಗೆ ಕಿಟಕಿ ಇರಲಿಲ್ಲ. ಕಿಟಕಿ ಇರಬೇಕಾದ ಕಡೆ ಗೋಡೆಯ ಮೇಲ್ತುದಿಗೆ ಒಂದು ಜಾಲರಿ, ಅದರ ಹಿಂದೆ ಕಟ್ಟಡದ ಉದ್ದಕ್ಕೂ ಇಳಿದುಹೋಗುವ ಗಾಳಿಯ ಕೊಳವೆ. ಮೇಲಿನವರ ಕೆಮ್ಮು ನಮಗೆ, ನಮ್ಮ ಜಗಳ ಕೆಳಗಿನವರಿಗೆ ಅದರೊಳಗಿಂದ ಪುಕ್ಕಟೆ ಸಿಗುತ್ತಿತ್ತು. ಜರ್ಮನಿಯವರು ಗ್ರೀನ್ ಕಾರ್ಡ್ ಅಂತ ಹೆಸರಿಟ್ಟು ನಮ್ಮ ದೇಶದ ಕಂಪ್ಯೂಟರ್ ಮಂದಿಯನ್ನು ಕರೆಸಿಕೊಂಡ ಆ ಕೆಲವು ವರ್ಷಗಳಲ್ಲಿ ಅಪ್ಪನೂ ಗದಗಿನಿಂದ ಬಂದ, ಬಂದರಿನ ಸರಕಿನ ಲೆಕ್ಕ ನೋಡುವ ಸಾಫ್ಟ್‌ವೇರ್ ಕಂಪನಿಯೊಂದನ್ನು ಸೇರಿದ. ಆಮೇಲೆ ಅವ್ವನನ್ನೂ ನನ್ನನ್ನೂ ಕರೆಸಿಕೊಂಡ. ಮೂರನೆಯ ಮಹಡಿಯಲ್ಲಿ ಎರಡು ಕೋಣೆ, ಒಂದು ಅಡುಗೆಮನೆ. ಅಡುಗೆಮನೆ ಅಂದರೆ ಇಬ್ಬರು ನಿಂತರೆ ಮೂರನೆಯವರು ಹೊರಗೆ ಹೋಗಬೇಕು, ಅಷ್ಟೇ. ಆದರೆ ಅವ್ವನಿಗೆ ಅದು ಅರಮನೆ. ಗದಗಿನ ಮನೆಯಲ್ಲಿ ನಾಲ್ವರು ಸೊಸೆಯಂದಿರು, ಉಗ್ರಾಣದ ಕೀಲಿ ಮಾತ್ರ ಅಪ್ಪನ ತಾಯಿಯ ಸೊಂಟದಲ್ಲಿ. ಆಕೆಯನ್ನು ಮನೆಮಂದಿಯೆಲ್ಲ ಆಯಿ ಅಂತಲೇ ಕರೆಯುತ್ತಿದ್ದೆವು. ಅಲ್ಲಿ ಉಪ್ಪು ಬೇಕಾದರೂ ಆಯಿಯನ್ನು ಕೇಳಬೇಕು, ಒಗ್ಗರಣೆಗೆ ಎಷ್ಟು ಎಣ್ಣೆ ಅನ್ನುವುದನ್ನೂ ಆಯಿಯೇ ಹೇಳಬೇಕು. ಹ್ಯಾಂಬರ್ಗಿನಲ್ಲಿ ಉಪ್ಪಿನ ಡಬ್ಬಿಯನ್ನು ಅವ್ವ ಒಲೆಯ ಎಡಗಡೆ ಇಟ್ಟಳು, ಅದು ಎಡಗಡೆಯೇ ಉಳಿಯಿತು. ಯಾರೂ ಎತ್ತಿಡಲಿಲ್ಲ. ಮೊದಲ ಬೇಸಿಗೆಯಲ್ಲಿ ಆಕೆ ಅಡುಗೆ ಮಾಡುತ್ತ ಹಾಡುತ್ತಿದ್ದಳು. ಗದಗಿನಲ್ಲಿ ಆಕೆಗೆ ಹಾಡು ಬರುತ್ತದೆ ಅಂತಲೇ ನನಗೆ ಗೊತ್ತಿರಲಿಲ್ಲ.

ಕಾಯಿಲೆ ಶುರುವಾದದ್ದು ಮುಂದಿನ ಚಳಿಗಾಲದಲ್ಲಿ. ಎರಡು ತುತ್ತು ತಿಂದರೆ ಹೊಟ್ಟೆ ನಗಾರಿಯಂತೆ ಬಿಗಿಯುತ್ತಿತ್ತು. ಮೂರನೆಯ ತುತ್ತು ಗಂಟಲಲ್ಲೇ ನಿಲ್ಲುತ್ತಿತ್ತು. ಕೈಬಳೆ ಮೊಣಕೈ ತನಕ ಜಾರತೊಡಗಿದವು. ಮನೆ ಹತ್ತಿರದ ಡಾಕ್ಟರು ರಕ್ತ ನೋಡಿದರು. ದೊಡ್ಡ ಆಸ್ಪತ್ರೆಯಲ್ಲಿ ಗಂಟಲೊಳಗೆ ಕ್ಯಾಮೆರಾ ಇಳಿಸಿ ನೋಡಿದರು. ಏನೂ ಇಲ್ಲ. ಕೊನೆಗೆ ಒಬ್ಬ ಡಾಕ್ಟರು ಅಪ್ಪನ ಹೆಗಲ ಮೇಲೆ ಕೈಯಿಟ್ಟು, ನಿಮ್ಮ ಹೆಂಡತಿಗೆ ಊರಿನ ಹಂಬಲ, ಹೈಮ್‌ವೇ, ಅದಕ್ಕೆ ಮಾತ್ರೆ ಇಲ್ಲ ಅಂದರಂತೆ. ಅಪ್ಪ ಆ ಮಾತನ್ನು ಕಟ್ಟಿಕೊಂಡು ಮನೆಗೆ ಬಂದ. ಪ್ರತಿ ಭಾನುವಾರ ಕಾಲಿಂಗ್ ಕಾರ್ಡ್ ಗೀಚಿ ಗದಗಿಗೆ ಫೋನ್ ಮಾಡುವ ಪದ್ಧತಿ ನಮ್ಮದು. ಆ ಭಾನುವಾರ ಆಯಿಗೂ ಅದನ್ನೇ ಹೇಳಿದ. ಆಯಿಯ ದನಿ ರಿಸೀವರಿನ ಹೊರಗೂ ಕೇಳುತ್ತಿತ್ತು.

"ನಾ ಮೊದಲ ಹೇಳಿದ್ದೆ! ಆ ಥಂಡ್ಯಾಗ ಏನ್ ತಿಂದೀತು ಅದು? ಕಳಸು ಇಲ್ಲಿಗೆ. ನನ್ನ ಕೈಯಾಗಿನ ಬಿಸಿ ರೊಟ್ಟಿ ನಾಕ ದಿನ ತಿಂದ್ರ ಗುಂಡಕಲ್ಲ ಆಗ್ತಾಳ."

ಈಸ್ಟರ್ ತನಕ ನೋಡೋಣ, ಆರಾಮಾಗದಿದ್ದರೆ ಅವ್ವನೂ ನಾನೂ ಗದಗಿಗೆ, ಅಪ್ಪ ಬೆಂಗಳೂರಿನ ಹುಡುಗರ ಜೊತೆ ಕೋಣೆ ಹಂಚಿಕೊಂಡು ಇಲ್ಲೇ, ಹೀಗಂತ ತೀರ್ಮಾನವಾಯಿತು. ಅಪ್ಪ ಇದನ್ನು ಸಿಟ್ಟಿನಿಂದ ಹೇಳಿದವನಲ್ಲ. ಪಾಪ, ಕಣ್ಣಲ್ಲಿ ನೀರು ತಂದುಕೊಂಡು ಹೇಳಿದ. ನಿನ್ನ ಜೀವಕ್ಕಿಂತ ನನಗೆ ಈ ದೇಶ ದೊಡ್ಡದಲ್ಲ ಅಂದ. ಅವ್ವ "ಆತ್ರಿ" ಅಂದಳು. ಗದಗಿನ ಮನೆಯಲ್ಲಿ ಆಕೆ ಹಗಲೆಲ್ಲ ಹೇಳುತ್ತಿದ್ದ ಮಾತು ಅದೊಂದೇ. ಹ್ಯಾಂಬರ್ಗಿಗೆ ಬಂದಮೇಲೆ ನಾನು ಅದನ್ನು ಕೇಳಿದ್ದು ಅವತ್ತೇ. ಮರುದಿನದಿಂದ ಆಕೆ ಎರಡು ತುತ್ತನ್ನೂ ಬಿಟ್ಟಳು.

ಎರಡನೆಯ ಮಹಡಿಯಲ್ಲಿ, ಸರಿಯಾಗಿ ನಮ್ಮ ಕೆಳಗೆ, ಫ್ರಾವ್ ಷೆನ್ ಇದ್ದಳು, ಫ್ರಾವ್ ಅಂದರೆ ಶ್ರೀಮತಿ. ಚೀನಾದ ಚೆಂಗ್ಡುವಿನವಳು, ಐವತ್ತರ ಆಸುಪಾಸು, ಬೆಕ್ಕಿನ ಹೆಜ್ಜೆ, ನಗು ಅಪರೂಪ. ಅಲ್ಲಿ ದೊಡ್ಡ ಆಸ್ಪತ್ರೆಯಲ್ಲಿ ಚೀನಾದ ಹಳೆಯ ಪದ್ಧತಿಯ ವೈದ್ಯೆಯಾಗಿದ್ದವಳು. ಇಲ್ಲಿ ಒಬ್ಬ ಜರ್ಮನ್ ಡಾಕ್ಟರ ಕೈಕೆಳಗೆ ಮಂದಿಗೆ ಸೂಜಿ ಚುಚ್ಚುತ್ತಿದ್ದಳು. ಒಂದು ದಿನ ನಾನು ಶಾಲೆಯಿಂದ ಬರುವಾಗ ಆಕೆ ಮೆಟ್ಟಿಲು ಒರೆಸುತ್ತಿದ್ದಳು, ಆ ವಾರದ ಸರದಿ ಆಕೆಯದು. ನನ್ನನ್ನು ತಡೆದು, ತನ್ನ ಮುರುಕು ಜರ್ಮನ್‌ನಲ್ಲಿ ಹೇಳಿದಳು.

"ನಿನ್ನ ಅಮ್ಮನಿಗೆ ಹುಷಾರಿಲ್ಲ. ಹೊಟ್ಟೆ. ನನಗೆ ಗೊತ್ತು. ಶನಿವಾರ ಕರೆದುಕೊಂಡು ಬಾ."

ಅವ್ವನಿಗೆ ಹೇಳಿದೆ. ಅವ್ವ ಬೆರಗಾಗಿ ಗಲ್ಲಕ್ಕೆ ಕೈಯಿಟ್ಟಳು. "ಆಕಿಗೆ ಯಾರ ಹೇಳಿದ್ರು? ಬರೇ ಮಾರಿ ನೋಡಿ ತಿಳಕೊಂಡ್ಲು ಅಂದ್ರ ದೊಡ್ಡ ವೈದ್ಯಳ ಇರಬೇಕು ಬಿಡು!" ಕ್ಯಾಮೆರಾ ಇಳಿಸಿದವರಿಗೆ ಕಾಣದ್ದು ಮೆಟ್ಟಿಲು ಒರೆಸುವವಳಿಗೆ ಕಂಡಿತಲ್ಲ ಅಂತ ಅವ್ವನಿಗೆ ಆ ಹೊತ್ತೇ ನಂಬಿಕೆ ಕುದುರಿತು. ಶನಿವಾರ ಬೆಳಿಗ್ಗೆ ಆಕೆ ತಲೆಸ್ನಾನ ಮಾಡಿದಳು, ಇಳಕಲ್ ಸೀರೆ ಉಟ್ಟಳು, ಡಾಕ್ಟರ ಮುಂದೆ ಬಾಯಿ ತೆರೆಯಬೇಕಾಗುತ್ತದೆ ಅಂತ ಹಲ್ಲು ನಾಲಿಗೆ ಎಲ್ಲ ಎಂದಿಗಿಂತ ಹೆಚ್ಚು ಹೊತ್ತು ತಿಕ್ಕಿದಳು. ಗಂಡನ ಕಡೆಯ ದೊಡ್ಡವರನ್ನು ನೋಡಲು ಹೋಗುವವಳ ತಯಾರಿ.

ಫ್ರಾವ್ ಷೆನ್ ಮನೆ ನಮ್ಮ ಮನೆಯದೇ ಅಚ್ಚು, ವಾಸನೆ ಮಾತ್ರ ಬೇರೆ: ಒಣಗಿದ ಕಿತ್ತಳೆ ಸಿಪ್ಪೆ, ಲವಂಗ, ಮತ್ತೇನೋ ಮಣ್ಣಿನಂಥದ್ದು. ಅವ್ವನ ಕೈಯನ್ನು ಪುಟ್ಟ ದಿಂಬಿನ ಮೇಲಿಟ್ಟು ಮಣಿಕಟ್ಟಿಗೆ ಮೂರು ಬೆರಳು ಒತ್ತಿ ಕಣ್ಣು ಮುಚ್ಚಿದಳು. ಎಷ್ಟು ಹೊತ್ತು ಅಂತೀರಿ, ನನಗೆ ಆಕೆ ನಿದ್ದೆ ಹೋದಳೇನೋ ಅನ್ನಿಸಿತು. ಆಮೇಲೆ ಇನ್ನೊಂದು ಕೈ. ಬೆರಳು ಮೆಲ್ಲಗೆ ಇಟ್ಟರೆ ಒಂದು ಸುದ್ದಿ, ಗಟ್ಟಿಯಾಗಿ ಒತ್ತಿದರೆ ಇನ್ನೊಂದು ಸುದ್ದಿ ಅಂತ ನನಗೆ ವಿವರಿಸಿದಳು. ಕೊನೆಗೆ ನಾಲಿಗೆ ಹೊರಗೆ ಹಾಕು ಅಂದಳು. ಹಿರಿಯರ ಮುಂದೆ ನಾಲಿಗೆ ಚಾಚುವುದು ಅವ್ವನಿಗೆ ಎಲ್ಲಿಯ ಮಾತು! ಸೆರಗು ಅಡ್ಡ ಹಿಡಿದು, ನಾಚಿ, ತುದಿ ಮಾತ್ರ ತೋರಿಸಿದಳು. "ಎಲ್ಲಾ ಎಲ್ಲಾ" ಅಂತ ನಾನು ಗದರಿದ ಮೇಲೆ ಪೂರ್ತಿ ಹಾಕಿದಳು. ಫ್ರಾವ್ ಷೆನ್ ದೀಪದ ಕೆಳಗೆ ಎಡಕ್ಕೆ ಬಲಕ್ಕೆ ನೋಡಿ ಹುಬ್ಬು ಗಂಟಿಕ್ಕಿದಳು.

"ಬೋಳು. ಮೇಲೆ ಪದರವೇ ಇಲ್ಲ. ಹೊಟ್ಟೆಯ ಒಳಗಿನ ನೀರು ಆರಿಹೋಗಿದೆ. ನೀರಿಲ್ಲದ ಪಾತ್ರೆಯನ್ನು ಒಲೆಯ ಮೇಲಿಟ್ಟ ಹಾಗೆ."

ಹೊಟ್ಟೆಯೊಳಗೆ ಸರಿಯಾಗಿ ಅಡುಗೆ ಬೆಂದರೆ ಅದರ ಹಬೆ ನಾಲಿಗೆಯ ಮೇಲೆ ತೆಳ್ಳಗೆ ಕೂರುತ್ತದಂತೆ. ಆ ಪದರ ದಪ್ಪವೋ ತೆಳುವೋ, ಬಿಳಿಯೋ ಹಳದಿಯೋ ನೋಡಿ ಒಳಗಿನ ಸಂಗತಿ ಓದುವುದು ಅವರ ವಿದ್ಯೆ. ನಾನು ಇದನ್ನೆಲ್ಲ ಅವ್ವನಿಗೆ ಹೇಳಿದೆ. ಅವ್ವ ತಲೆದೂಗಿದಳು. ಉಷ್ಣ, ಶೀತ, ವಾಯು ಆಕೆಗೆ ಹೊಸತೇ? ಇಬ್ಬರೂ ನನ್ನನ್ನು ನಡುವೆ ಕೂರಿಸಿಕೊಂಡು ಲೋಕದ ತಿನಿಸನ್ನೆಲ್ಲ ಬಿಸಿ-ತಂಪು ಅಂತ ಹಂಚತೊಡಗಿದರು. ಶುಂಠಿ ಬಿಸಿ, ಇಬ್ಬರೂ ಒಪ್ಪಿದರು. ಸೌತೆಕಾಯಿ ತಂಪು, ಒಪ್ಪಿದರು. ಮಜ್ಜಿಗೆಯ ವಿಷಯಕ್ಕೆ ಜಗಳ ಹತ್ತಿತು. ಹಾಲಿನದೆಲ್ಲ ಮೈಯಲ್ಲಿ ಕೆಸರು ಮಾಡುತ್ತದೆ ಅಂತ ಆಕೆ. "ಮಜ್ಜಿಗಿಗೆ ಹೆಸರಿಡೂ ವೈದ್ಯಳು ಎಂಥಾಕಿ ಕೇಳು" ಅಂತ ಅವ್ವ. ನಾನು ಅದನ್ನು ದಾಟಿಸಲಿಲ್ಲ, ನನಗೂ ಬುದ್ಧಿ ಇತ್ತು.

ಆಮೇಲೆ ಹಲವು ಶನಿವಾರ ಹೋದೆವು. ಅವ್ವನ ನಾಡಿ ನೋಡಿಯಾದ ಮೇಲೆ ಫ್ರಾವ್ ಷೆನ್ ನನಗೆ ಎಳ್ಳಿನ ಮಿಠಾಯಿ ಕೊಟ್ಟು ಕತೆ ಹೇಳುತ್ತಿದ್ದಳು. ಅವರ ವೈದ್ಯದ ಮೂಲಪುರುಷ ಒಬ್ಬ ರೈತ ದೇವರು. ಗಿಡಮೂಲಿಕೆಯನ್ನೆಲ್ಲ ತಾನೇ ತಿಂದು ನೋಡಿದವನು. ಅವನ ಹೊಟ್ಟೆ ಗಾಜಿನದು, ತಿಂದದ್ದು ಯಾವ ಕಡೆ ಹೋಯಿತು, ಏನು ಮಾಡಿತು ಅನ್ನುವುದು ಹೊರಗಿನಿಂದ ಕಾಣುತ್ತಿತ್ತಂತೆ. ದಿನಕ್ಕೆ ಹಲವು ಸಲ ವಿಷ ಏರಿಸಿಕೊಂಡು, ಚಹಾದ ಎಲೆ ಅಗಿದು ಬದುಕಿಕೊಳ್ಳುತ್ತಿದ್ದನಂತೆ. "ನಮಗ್ಯಾರಿಗೂ ಗಾಜಿನ ಹೊಟ್ಟೆ ಇಲ್ಲ, ಅದಕ್ಕೇ ಇಷ್ಟು ಕಷ್ಟ" ಅನ್ನುತ್ತಿದ್ದಳು. ಆಮೇಲೆ ಒಬ್ಬ ರಾಜ ಬಂದನಂತೆ, ಹಳದಿ ಬಣ್ಣದ ಹೆಸರಿನವನು. ಮನುಷ್ಯನಿಗೆ ಕಾಯಿಲೆ ಯಾಕೆ ಬರುತ್ತದೆ ಅಂತ ತನ್ನ ವೈದ್ಯನನ್ನು ಒಂದಾದ ಮೇಲೊಂದು ಪ್ರಶ್ನೆ ಕೇಳುತ್ತಲೇ ಹೋದನಂತೆ. ನೋಡುವುದು, ಆಲಿಸುವುದು, ಕೇಳಿ ತಿಳಿಯುವುದು, ಮುಟ್ಟುವುದು, ಇವು ನಾಲ್ಕು ಬಾಗಿಲು ಅನ್ನುತ್ತಿದ್ದಳು. ಆಕೆ ಬರೆಸಿಕೊಟ್ಟ ಬೇರುಗಳನ್ನು ಅಪ್ಪ ಆಪೊಥೇಕೆಯಿಂದ, ಅಂದರೆ ಔಷಧಿ ಅಂಗಡಿಯಿಂದ, ಗೊಣಗುತ್ತಲೇ ತಂದುಕೊಟ್ಟ. ಆಕೆಯೇ ಕೊಟ್ಟ ಮಣ್ಣಿನ ಗಡಿಗೆಯಲ್ಲಿ ಅವ್ವ ಅವನ್ನು ಕುದಿಸಿದಳು. ಡಾಂಬರಿನಷ್ಟು ಕಪ್ಪು, ಅಂಟಂಟು, ಸಿಹಿ ಕಷಾಯ.

ಅವ್ವ ಅದನ್ನು ದೇವರ ತೀರ್ಥದ ಹಾಗೆ ಕುಡಿದಳು. ಕುಡಿದಷ್ಟೂ ಕೆಟ್ಟಳು. ಹೊಟ್ಟೆ ಇನ್ನಷ್ಟು ಉಬ್ಬಿತು, ಭೇದಿ ಶುರುವಾಯಿತು, ಹಗಲೆಲ್ಲ ಮಂಕು. ನೆಲ ಒರೆಸಲು ಕೂತವಳು ಏಳಲಾರದೆ ಬಟ್ಟೆ ಹಿಡಿದು ಅಲ್ಲೇ ಕೂತಿರುತ್ತಿದ್ದಳು. ಈಸ್ಟರ್ ಹತ್ತಿರ ಬರುತ್ತಿತ್ತು. ಅಪ್ಪ ಟ್ರಾವೆಲ್ ಏಜೆಂಟಿಗೆ ಫೋನ್ ಮಾಡುವುದನ್ನು ಕೇಳಿ ನಾನು ನೀರಾದೆ. ಅವ್ವ ಮಾತ್ರ, "ಇನ್ನೊಂದ್ ವಾರ ಕುಡೀತೀನ್ರಿ. ಹತ್ತತೈತಿ ಔಷಧ, ಹತ್ತತೈತಿ" ಅನ್ನುತ್ತಿದ್ದಳು. ಔಷಧ ಹತ್ತದಿದ್ದರೆ ಏನಾಗುತ್ತದೆ ಅನ್ನುವುದು ಆಕೆಗೆ ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

ಒಂದು ಬೆಳಿಗ್ಗೆ ಫ್ರಾವ್ ಷೆನ್ ಕೆಲಸಕ್ಕೆ ಹೋಗುವ ಮುಂಚೆ ಮೇಲೆ ಬಂದಳು. ಬೇರು ಬದಲಿಸುವುದೋ ಬೇಡವೋ ಅಂತ ನಾಡಿ ನೋಡಿ ತೀರ್ಮಾನಿಸಬೇಕಿತ್ತಂತೆ. ನಾನು ಬಾಗಿಲು ತೆರೆದೆ. ಅಷ್ಟರಲ್ಲಿ ಬಚ್ಚಲಿನಿಂದ "ಆಕ್... ಓ... ಆಕ್ ಥೂ" ಅಂತ ದನಿ. ಆಕೆಯ ಮುಖ ಕಪ್ಪಿಟ್ಟಿತು. ಚಪ್ಪಲಿ ಬಿಡದೆ, ನನ್ನನ್ನು ಸರಿಸಿ ಓಡಿದಳು. ಹಿಂದಿನಿಂದ ಅವ್ವನ ಬೆನ್ನು ಹಿಡಿದು, ಹಣೆಗೆ ಕೈಕೊಟ್ಟು ವಾಂತಿ ಮಾಡಿಸುವವರ ಹಾಗೆ ಬೇಸಿನ್ನಿನ ಮೇಲೆ ಬಗ್ಗಿಸಿಬಿಟ್ಟಳು! ಅವ್ವ ಕಿಟಾರನೆ ಕಿರುಚಿ ತಿರುಗಿದಳು. ಕೈಯಲ್ಲಿ ಸ್ಟೀಲಿನ ನಾಲಿಗೆ ಪಟ್ಟಿ, ಅದರ ಮೇಲೆ ಬೆಳಗಿನ ಬಿಳಿಯ ಲೋಳೆ.

"ಇದು ಏನು?" ಅಂತ ಫ್ರಾವ್ ಷೆನ್ ನನ್ನನ್ನು ಕೇಳಿದಳು.

"ನಾಲಿಗೆ ಉಜ್ಜೋದು" ಅಂದೆ.

"ಯಾವಾಗ?"

"ದಿನಾ. ಹಲ್ಲು ತಿಕ್ಕಿದ ಮೇಲೆ."

"ನಿನ್ನ ಅಮ್ಮ ಮಾತ್ರವಾ?"

"ಎಲ್ಲಾರೂ. ನಮ್ಮೂರಾಗ ಎಲ್ಲಾರೂ" ಅಂದೆ, ನಡುವೆ ಕನ್ನಡ ನುಗ್ಗಿಬಿಟ್ಟಿತ್ತು.

ಆಕೆ ಟಬ್ಬಿನ ಅಂಚಿನ ಮೇಲೆ ಕುಸಿದು ಕೂತಳು. ಪಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಚೀನಿಯಲ್ಲಿ ಏನೋ ಗೊಣಗಿದಳು, ಬೈಗುಳವೇ ಇರಬೇಕು. ತಿಂಗಳುಗಟ್ಟಲೆ ಕೊಳವೆಯೊಳಗಿಂದ ಈ ದನಿ ಕೇಳಿ, ಮೇಲಿನ ಮನೆಯಾಕೆ ದಿನಾ ಬೆಳಿಗ್ಗೆ ವಾಂತಿ ಮಾಡಿಕೊಳ್ಳುತ್ತಾಳೆ ಅಂತ ತಿಳಿದಿದ್ದಳು. ಅವ್ವನ ಕಾಯಿಲೆ ಆಕೆಗೆ ಮೆಟ್ಟಿಲ ಮೇಲೆ ಗೊತ್ತಾಗಿದ್ದು ಹೀಗೆ. ವಾಂತಿ, ಮೇಲೆ ಬೋಳು ನಾಲಿಗೆ, ಎರಡೂ ಕೂಡಿದರೆ ಹೊಟ್ಟೆ ಒಣಗಿದೆ ಅನ್ನದೆ ಯಾವ ವೈದ್ಯೆಯೂ ಇನ್ನೇನು ಅಂದಾಳು? ಓದಬೇಕಾದ ಪದರವನ್ನು ನಮ್ಮವ್ವ ಪ್ರತಿ ಶನಿವಾರ ಮರ್ಯಾದೆಗೆ ಅಂತ ಕೆರೆದು ತೊಳೆದು ತೋರಿಸುತ್ತಿದ್ದಳು. ನನಗೆ ನಗು ತಡೆಯಲಾಗಲಿಲ್ಲ. ಫ್ರಾವ್ ಷೆನ್ ನಗಲಿಲ್ಲ.

"ನೋಡಿದೆ, ಆಲಿಸಿದೆ, ಮುಟ್ಟಿದೆ. ಕೇಳಲಿಲ್ಲ. ಹೆಂಗಸರನ್ನು ಕೇಳಬೇಕಾದ್ದನ್ನು ಮಗುವಿನ ಬಾಯಿಂದ ಹೇಗೆ ಕೇಳುವುದು ಅಂತ ಕೇಳಲೇ ಇಲ್ಲ" ಅಂದಳು. ಕಷಾಯ ಇವತ್ತಿನಿಂದ ಬಂದ್. ನಾನು ಹೇಳುವ ತನಕ ಈ ಪಟ್ಟಿ ಮುಟ್ಟಬೇಡಿ. ಭಾನುವಾರ ಬರುತ್ತೇನೆ, ಗಂಡ ಮನೆಯಲ್ಲಿರಲಿ ಅಂತ ಅಪ್ಪಣೆ ಮಾಡಿ ಹೋದಳು.

ಪಟ್ಟಿ ಮುಟ್ಟದೆ ಇರುವುದು ಅವ್ವನಿಗೆ ಕಷಾಯಕ್ಕಿಂತ ಕಹಿಯಾಯಿತು. ಮೀಯದೆ ಮಡಿಯುಟ್ಟ ಹಾಗೆ ಆಗ್ತೈತಿ ಅಂತ ಒದ್ದಾಡಿದಳು. ಬಾಯಿ ಸ್ವಚ್ಛ ಇಲ್ಲದೆ ಲಿಂಗಪೂಜೆ ಹೇಗೆ ಮಾಡಲಿ ಅಂತ ಅಪ್ಪನ ಜೊತೆ ಜಗಳ. "ನಾಕ ದಿನ ಬಿಡು ಮಾರಾಯ್ತಿ, ಶಿವ ನಾಲಿಗಿ ನೋಡಾಂಗಿಲ್ಲ" ಅಂತ ಅಪ್ಪ. ಅಷ್ಟು ದಿನವೂ ಆಕೆ ಬಾಯಿಗೆ ಸೆರಗು ಅಡ್ಡ ಹಿಡಿದೇ ಮಾತಾಡಿದಳು.

ಭಾನುವಾರ ಫ್ರಾವ್ ಷೆನ್ ನಮ್ಮ ಅಡುಗೆಮನೆಯ ಕಿಟಕಿಯ ಬೆಳಕಿನಲ್ಲಿ ಅವ್ವನನ್ನು ಕೂರಿಸಿದಳು. ಅವ್ವ ಅಪರಾಧಿಯ ಹಾಗೆ ನಾಲಿಗೆ ಹಾಕಿದಳು. ದಪ್ಪ ಬಿಳಿ ಪದರ, ಮೊಸರಿನ ಕೆನೆಯಂಥದ್ದು, ಅಂಚಿಗೆ ಹಲ್ಲಿನ ಗುರುತು. ನಾನು ಕೊಟ್ಟದ್ದು ಪೂರಾ ಉಲ್ಟಾ ಔಷಧ ಅಂದಳು ಆಕೆ, ಮುಚ್ಚುಮರೆ ಇಲ್ಲದೆ. ಒಣಗಿದ್ದೇನಲ್ಲ, ಕೆಸರು ಕಟ್ಟಿದೆ, ಅದರ ಮೇಲೆ ನಾನು ನೀರು ಸುರಿದೆ ಅಂದಳು. ಒಂದೇ ಚಿಂತೆಯನ್ನು ಹಗಲೂ ರಾತ್ರಿ ಅರೆಯುವವರಿಗೆ ಹೀಗಾಗುತ್ತದೆ, ತಲೆ ಅರೆಯುತ್ತಿದ್ದರೆ ಹೊಟ್ಟೆ ಅರೆಯುವುದನ್ನು ನಿಲ್ಲಿಸುತ್ತದೆ. ಆಮೇಲೆ ಅಪ್ಪನ ಕಡೆ ತಿರುಗಿದಳು.

"ಏನು ಯೋಚನೆ ಮಾಡುತ್ತಾಳೆ? ಕೇಳಿ."

ಅಪ್ಪ ಕೇಳಿದ. ಅವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತತೊಡಗಿದಳು. ಗಂಡನಿಗೆ ಹೇಳಬೇಕಾಗಿದ್ದರೆ ಹೇಳುತ್ತಿರಲಿಲ್ಲ, ಇವತ್ತಿಗೂ ನನಗೆ ಅದು ಖಾತ್ರಿ. ಆಕೆ ಮುಖ ಎತ್ತಿ ಫ್ರಾವ್ ಷೆನ್‌ಳನ್ನೇ ನೋಡುತ್ತ, ಕನ್ನಡ ಬಾರದ ಆ ಹೆಂಗಸಿಗೇ ಕನ್ನಡದಲ್ಲಿ ಹೇಳಿದಳು.

"ಗದಗಿಗೆ ತಿರುಗಿ ಹೋಗಬೇಕಲ್ಲಾ ಅಂತ ನೆನಸಿಕೊಂಡ್ರ ತುತ್ತು ಇಳಿಯೂದಿಲ್ರಿ. ಇವರ ಕಾರ್ಡ್ ಎಂದ ಮುಗೀತೈತೋ, ಎಂದ ಹೊಂಡ್ರಿ ಅಂತಾರೋ ಅಂತ ಮೊದಲ ಹೆದರಿಕಿ ಇತ್ತು. ಈಗ ಇವರ ಕಳಸ್ತೀನಿ ಅಂತಾರ."

ಅಪ್ಪ ಜರ್ಮನ್‌ನಲ್ಲಿ ಹೇಳಿದ: "ಊರು ನೆನಪಾಗುತ್ತದಂತೆ. ಊರಿನ ಯೋಚನೆಯಲ್ಲಿ ಊಟ ಸೇರುವುದಿಲ್ಲವಂತೆ."

ನನ್ನ ಕಿವಿಯನ್ನು ನಾನೇ ನಂಬಲಿಲ್ಲ. ಅಪ್ಪ ಸುಳ್ಳು ಹೇಳಿದನೆಂದು ನಾನು ಅನ್ನುವುದಿಲ್ಲ. ಆಸ್ಪತ್ರೆಯ ಡಾಕ್ಟರು ಹೇಳಿದ್ದರು, ಆಯಿ ಹೇಳಿದ್ದಳು, ಆತನೇ ಆಫೀಸಿನಲ್ಲಿ ಎಲ್ಲರಿಗೂ ಹೇಳಿದ್ದ. ಹೆಂಡತಿ ಎದುರಿಗೆ ಕೂತು ಹೇಳಿದ್ದು ಆ ಮಾತುಗಳನ್ನೆಲ್ಲ ದಾಟಿ ಆತನ ಕಿವಿಗೆ ಇಳಿಯಲಿಲ್ಲ. ಆದರೆ ನಾನು ಆಗ ಇಷ್ಟೆಲ್ಲ ಯೋಚಿಸಿದವಳಲ್ಲ. ನನಗೆ ಸಿಟ್ಟು ಬಂತು, ಅಷ್ಟೇ. ಶನಿವಾರ ಶನಿವಾರ ದಾಟಿಸುವ ಕೆಲಸ ನನ್ನದಾಗಿತ್ತು, ಅದನ್ನು ಕೆಡಿಸಿದನಲ್ಲ ಅಂತ.

"ನೈನ್! ಅಲ್ಲ!" ಅಂದೆ ಜೋರಾಗಿ. "ಅಮ್ಮ ಹಾಗೆ ಹೇಳಲಿಲ್ಲ. ಊರಿಗೆ ಹೋಗಬೇಕಾಗುತ್ತದೆ ಅನ್ನೋ ಹೆದರಿಕೆಗೆ ಊಟ ಸೇರಲ್ಲ ಅಂದಳು. ಆಕೆಗೆ ಇಲ್ಲೇ ಇರಬೇಕು."

ಅಪ್ಪ ನನ್ನ ಕಡೆ ನೋಡಿದ, ಏಟು ಬೀಳುತ್ತದೆ ಅಂದುಕೊಂಡೆ. ಆತ ಅವ್ವನ ಕಡೆ ತಿರುಗಿದ.

"ಹೌದ?"

"ಹೌದ್ರಿ" ಅಂದಳು ಅವ್ವ.

"ಮತ್ತ 'ಆತ್ರಿ' ಅಂದೀ ಅವತ್ತ?"

"ಇನ್ನೇನ ಅನ್ಬೇಕಾಗಿತ್ತು? ಬ್ಯಾಡ ಅಂದ್ರ ಯಾರರ ಕೇಳ್ತಾರಂತ ಎಂದಾರ ಕಲಿಸೀರೇನು ನನಗ?"

ಅವ್ವ ಅಪ್ಪನಿಗೆ ಹಾಗೆ ಎದುರು ಮಾತಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಫ್ರಾವ್ ಷೆನ್‌ಗೆ ಯಾರೂ ಏನೂ ದಾಟಿಸಲಿಲ್ಲ, ಆಕೆ ಕೇಳಲೂ ಇಲ್ಲ. ಎದ್ದು ಚೀಲದಿಂದ ಒಂದು ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟಳು.

"ನನ್ನ ಹತ್ತಿರ ಇರುವುದು ಶುಂಠಿ, ಕಿತ್ತಳೆ ಸಿಪ್ಪೆ. ಕೆಸರಿಗೆ ಸಾಕು. ಉಳಿದದ್ದಕ್ಕೆ ಸಾಲದು" ಅಂತ ಅಪ್ಪನಿಗೆ ಹೇಳಿ ಇಳಿದು ಹೋದಳು.

ಅವ್ವ ಅವತ್ತೇ ಎದ್ದು ಕುಣಿದಳು ಅಂದರೆ ಹಸಿ ಸುಳ್ಳಾಗುತ್ತದೆ. ಬಳೆ ಮತ್ತೆ ಕೈಗೆ ಕೂರುವುದಕ್ಕೆ ಮುಂದಿನ ಬೇಸಿಗೆ ಮುಗಿಯಬೇಕಾಯಿತು. ನನಗೀಗ ಆಗಿನ ಅವ್ವನಿಗಿಂತ ಹೆಚ್ಚು ವಯಸ್ಸು. ಮೂರು ಭಾಷೆಯಲ್ಲಿ ಸಂಸಾರ ಮಾಡುತ್ತೇನೆ. ಆದರೂ ಒಬ್ಬರ ಮಾತನ್ನು ಇನ್ನೊಬ್ಬರಿಗೆ ಹೇಳಬೇಕಾದಾಗ ಈಗಲೂ ಎರಡು ಸಲ ಕೇಳಿ ಆಮೇಲೆ ಹೇಳುತ್ತೇನೆ. ಮಂದಿ ನನ್ನನ್ನು ಮೊಂಡಿ ಅಂತಾರೆ. ಅನ್ನಲಿ.

ಆ ಸಂಜೆ, ಭಾನುವಾರದ ಪದ್ಧತಿಯಂತೆ, ಅಪ್ಪ ಗದಗಿಗೆ ಫೋನ್ ಹಚ್ಚಿದ. ನಾನು ಪಕ್ಕದಲ್ಲೇ ಕೂತಿದ್ದೆ. ಅವ್ವ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು.

"ಆಯೀ, ಆಕಿ ಬರಾಂಗಿಲ್ಲ" ಅಂದ ಅಪ್ಪ.

ಆ ಕಡೆಯಿಂದ ಮಳೆ ಸುರಿದ ಹಾಗೆ ಮಾತು. ಅಪ್ಪ ರಿಸೀವರನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದ. ಯಾರ ಮಾತು ಕೇಳಿ ಕುಣೀತಿ, ಇಷ್ಟು ದೊಡ್ಡ ಮನಿ ಇಲ್ಲಿ ಇಟ್ಟುಕೊಂಡು ಪರದೇಶದಾಗ ಬಿದ್ದು ಸಾಯ್ತಾಳೇನು, ತನ್ನ ಮನಿ ಯಾವುದಂತ ಗೊತ್ತೈತಿಲ್ಲ ಆಕಿಗೆ, ಹೀಗೆ. ಆಯಿ ಉಸಿರು ತೆಗೆದುಕೊಳ್ಳುವ ತನಕ ಅಪ್ಪ ಕಾದ.

"ಗೊತ್ತೈತಿ ಆಯಿ" ಅಂದ. "ಇದ ಆಕಿ ಮನಿ."

ಅಡುಗೆಮನೆಯಲ್ಲಿ ನಳ ನಿಂತಿತು. ಆಮೇಲೆ ಅವ್ವನ ದನಿ ಬಂತು, ಕಾಳಜಿ ಮಾಡುವ ಸೊಸೆಯ ದನಿ.

"ಲೈನ್ ಸರಿ ಇಲ್ಲ ಕಾಣಸ್ತೈತಿ. ಇನ್ನೊಮ್ಮೆ ಹೇಳ್ರಿ ಅವರಿಗೆ."

ಅಪ್ಪ ಇನ್ನೊಮ್ಮೆ ಹೇಳಿದ, ಈ ಸಲ ಜೋರಾಗಿ.